ಚಂದ್ರಿಕೆಗೆ ಹೋಗದ ಹುಳುಗಳು

ಅವಳ ಬಗ್ಗೆ ನ್ಯಾಯವಾಗಿ ಬರೆಯುತ್ತೇನೆಂದು ಮಾತು ಕೊಡಲಾರೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಹೈಸ್ಕೂಲಿನಲ್ಲಿ ಹತ್ತಿಕೊಂಡದ್ದು, ಇನ್ನೂ ಆರಿಲ್ಲ. ಅವಳು ಹೆಸರು ಮಾಡಿದ ಚಿತ್ರಕಲಾವಿದೆ. ರೇಷ್ಮೆ, ಹರಿದ ಬಟ್ಟೆ, ತುಕ್ಕು, ಹಳೇ ಕಾಗದ, ಬಣ್ಣ ಎಲ್ಲವನ್ನೂ ಒಂದೇ ಚೌಕಟ್ಟಿನೊಳಗೆ ಕೂರಿಸುವ ಮಿಶ್ರ ಮಾಧ್ಯಮ ಅವಳದು. ನಾನು ಗೌರಿಬಿದನೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಡಂ ಆದೆ. ಮಾವಿನಕಾಯಿಗೆ ಯಾವ ಕಡೆಯಿಂದ ನೆರಳು ಕೊಡಬೇಕೆಂದು ಮಕ್ಕಳಿಗೆ ಹೇಳಿ ಹೇಳಿ ನನಗೆ ಮಾವಿನಕಾಯಿಯೆಂದರೇ ಬೇಸರ.

ಎಂಬತ್ತರ ದಶಕದ ಮೊದಲಲ್ಲಿ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನಮ್ಮ ಮನೆ ದಿಬ್ಬೂರಹಳ್ಳಿ ಕಡೆ, ತೆಲುಗು ಬೆರೆತ ಮಾತಿನವರು, ರೇಷ್ಮೆ ಹುಳ ಸಾಕುವವರು. ಅವಳ ಮನೆ ಊರೊಳಗೇ, ಉರ್ದು ಮಾತಾಡುವ ಮನೆ. ಅವಳ ಅಬ್ಬಾ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಅವರ ಮನೆಗೆ ಹೋಗಿ ಬಂದರೆ ಬೆಂದ ಗೂಡಿನ ವಾಸನೆ ಎರಡು ದಿನ ಲಂಗದಲ್ಲಿ ಉಳಿಯುತ್ತಿತ್ತು.

ಕ್ಲಾಸಿನಲ್ಲಿ ಚಿತ್ರ ಬರೆಯುವವಳೆಂದರೆ ನಾನು. ಅವಳಿಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬರುತ್ತಿರಲಿಲ್ಲ. ಅವಳು ಬರೆದ ಹಸುವನ್ನು ನಾಯಿಯೆಂದರೂ ನಡೆಯುತ್ತಿತ್ತು. ಆದರೂ ಒಂದು ದಿನ ಡ್ರಾಯಿಂಗ್ ಮೇಷ್ಟ್ರು ನನ್ನ ಹಾಳೆಗೆ “ಚೆನ್ನಾಗಿದೆ” ಎಂದು ಮುಂದೆ ಹೋದವರು ಅವಳ ಹಾಳೆಯ ಹತ್ತಿರ ನಿಂತೇಬಿಟ್ಟರು.

“ಈ ಹಸಿರು ಎಲ್ಲಿಂದ ತಂದ್ಯಮ್ಮ?”

“ಬಣ್ಣ ಇರ್ಲಿಲ್ಲ ಸಾರ್. ಹಿಪ್ಪುನೇರಳೆ ಸೊಪ್ಪು ಉಜ್ಜಿದೆ.”

ಅವರು ಆ ಹಾಳೆಯನ್ನು ಎತ್ತಿ ಇಡೀ ಕ್ಲಾಸಿಗೆ ತೋರಿಸಿದರು. ನನ್ನ ಹತ್ತಿರ ಹನ್ನೆರಡು ಬಣ್ಣದ ಡಬ್ಬಿ ಇತ್ತು. ನಮ್ಮ ತೋಟದ ತುಂಬ ಹಿಪ್ಪುನೇರಳೆಯೂ ಇತ್ತು. ಉಜ್ಜಬೇಕೆಂದು ನನಗೆ ಹೊಳೆಯಲಿಲ್ಲವಲ್ಲ ಎಂದು ಅವತ್ತು ಮನೆಯವರೆಗೂ ಹಲ್ಲು ಕಡಿದುಕೊಂಡು ನಡೆದೆ.

ಆ ವರ್ಷ ಇಬ್ಬರೂ ಡ್ರಾಯಿಂಗ್ ಪರೀಕ್ಷೆ ಕಟ್ಟಿದೆವು. ಚಿಂತಾಮಣಿಯಲ್ಲಿ ಎರಡು ದಿನದ ಪರೀಕ್ಷೆ. ಅಭ್ಯಾಸಕ್ಕೆಂದು ನಾನು ನಮ್ಮ ಹಿತ್ತಲಿನ ಮಡಕೆಯನ್ನು ಎಂಟು ದಿನ ಕೂತು ಬರೆದೆ. ಅದರ ಬಾಯಿಯ ಅಂಚು ಒಂದು ಕಡೆ ಒಡೆದಿತ್ತು. ಕೂರಿಸಿದರೆ ಸ್ವಲ್ಪ ಎಡಕ್ಕೆ ವಾಲುತ್ತಿತ್ತು. ಆ ವಾಲನ್ನೂ ಬಿಡದೆ ಬರೆದಿದ್ದೆ. ಅದಾದ ಮೇಲೆ ಎಷ್ಟೋ ಬರೆದಿದ್ದೇನೆ, ಅಷ್ಟು ಚೆನ್ನಾಗಿ ಒಂದನ್ನೂ ಬರೆದಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಅವಳು ರಾತ್ರಿ ಉಳಿಯಲೆಂದು ನಮ್ಮ ಮನೆಗೆ ಬಂದಳು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬಸ್ಸು ಹತ್ತುವುದೆಂದು ಮಾತಾಗಿತ್ತು.

“ತೋರ್ಸೇ, ಮಡಕೆ ಹೆಂಗ್ ಬರ್ದಿದೀಯ ನೋಡಣ.”

“ಇನ್ನೂ ಬರ್ದೇ ಇಲ್ಲ ಕಣೇ. ಬರೀ ಬಿಳೀ ಹಾಳೆ ಐತೆ.”

ಮಡಕೆಯ ಹಾಳೆ ಬಡಿದ ಡ್ರಾಯಿಂಗ್ ಬೋರ್ಡು ನಮ್ಮ ತಲೆಯ ಮೇಲೇ, ಅಟ್ಟದಲ್ಲಿತ್ತು. ನೋಡಿದರೆ ಕಲಿತುಬಿಡುತ್ತಾಳೆ ಎಂಬ ಭಯ ನನಗೆ. ಒಂದು ಮಡಕೆಯ ಗುಟ್ಟು ಕಾಯಲು ಸುಳ್ಳು ಹೇಳಿದೆ.

ಬೆಳಿಗ್ಗೆ ಎದ್ದರೆ ಹುಳ ಒಂದು ದಿನ ಮುಂಚೆಯೇ ಹಣ್ಣಾಗಿತ್ತು. ಹಣ್ಣಾದ ಹುಳ ಸೊಪ್ಪು ಬಿಟ್ಟು, ಮೈ ಹೊಳೆಸಿಕೊಂಡು, ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತದೆ. ಆಗ ಅದನ್ನು ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಸುತ್ತಿದ ಬಿದಿರಿನ ತಟ್ಟಿಗೆ, ಬಿಡಬೇಕು. ನಮ್ಮಲ್ಲಿ ಚಂದ್ರಿಕೆ ಸಾಲದೆ ಅಪ್ಪ ತರಲು ಹೋಗಿದ್ದರು. ಅಮ್ಮ ಒಂದು ತಟ್ಟೆ ತುಂಬ ಹುಳ ನನ್ನ ಕೈಗೆ ಕೊಟ್ಟು, “ಚಂದ್ರಿಕೆ ಬರೋವರ್ಗೂ ಎಲ್ಲಾದ್ರೂ ಇಡು, ಆಮೇಲೆ ಎಲ್ಲಿಟ್ಟೆ ಅಂತ ನೆನಪಿಂದ ಹೇಳು” ಎಂದಳು. ಕೆಳಗಿಟ್ಟರೆ ಇರುವೆ ಕಾಟ. ಅಟ್ಟದ ಮೇಲೆ ಸಮವಾಗಿ ಮಲಗಿದ್ದದ್ದು ನನ್ನ ಬೋರ್ಡು ಒಂದೇ. ಅದರ ಮೇಲೆ ತಟ್ಟೆ ಇಟ್ಟೆ. ಅಷ್ಟರಲ್ಲಿ ಇವಳು “ಬಸ್ಸು ಬಂತು ಬಾರೇ” ಎಂದು ಕೂಗಿದಳು. ಓಡಿದೆ. ಹೇಳುವುದು ಮರೆತೆ.

ಎರಡನೇ ದಿನ ಸಂಜೆ ಚಿಂತಾಮಣಿಯಿಂದ ಇಬ್ಬರೂ ವಾಪಸು ಬಂದಾಗ ಅಮ್ಮ ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಏಮೇ ಇದಿ? ಗೂಡು ಕಟ್ಟೋ ಹುಳಾನ ಹಾಳೆ ಮೇಲೆ ಬಿಟ್ಟೋಗಿದೀಯಲ್ಲ, ಬುದ್ಧಿ ಐತೇನೇ ನಿಂಗೆ?”

ತಟ್ಟೆಯಿಂದ ಇಳಿದ ಹುಳಗಳು ಬೋರ್ಡಿನ ಮೇಲೆಲ್ಲ ಹರಿದಾಡಿದ್ದವು. ಗೂಡು ಕಟ್ಟಲು ಹುಳಕ್ಕೆ ಒಂದು ಮೂಲೆ ಬೇಕು. ಚಪ್ಪಟೆ ಜಾಗದಲ್ಲಿ ಬಿಟ್ಟರೆ ಅದು ತಲೆಯಾಡಿಸುತ್ತ ಇದ್ದಬದ್ದ ನೂಲನ್ನೆಲ್ಲ ಹರಡಿಬಿಡುತ್ತದೆ. ಒಂದೂ ಗೂಡಿರಲಿಲ್ಲ. ಹಾಳೆಯ ಈ ತುದಿಯಿಂದ ಆ ತುದಿಗೆ ತೆಳ್ಳನೆಯ ಹಳದಿ ರೇಷ್ಮೆಯ ಹೊದಿಕೆ, ನಡುನಡುವೆ ಹುಳದ ಉಚ್ಚೆಯ ಗುರುತು. ನನ್ನ ಮಡಕೆ ಅದರ ಕೆಳಗೆ ಮುಳುಗಿಹೋಗಿತ್ತು. ಕಣ್ಣಿಟ್ಟು ನೋಡಿದವರಿಗೆ ಮಾತ್ರ ಒಂದು ಮಂಕು ನೆರಳು ಕಾಣುತ್ತಿತ್ತು.

ನಾನು ಗೊಳೋ ಎಂದು ಅತ್ತೆ. ಬೈಗುಳಕ್ಕೆ ಅಳುತ್ತಿದ್ದೇನೆಂದು ಇಬ್ಬರೂ ತಿಳಿದರು. ಚಿತ್ರ ಹೋಯಿತು ಎಂದರೆ ಮೊನ್ನೆಯ ಸುಳ್ಳು ಹೊರಗೆ ಬರುತ್ತಿತ್ತು, ಹೇಳಲಿಲ್ಲ. ಇವಳು ಮಾತ್ರ ಆ ಹೊದಿಕೆಯ ಮೇಲೆ ಬೆರಳಾಡಿಸುತ್ತ ನಿಂತೇ ಇದ್ದಳು.

“ಇದು ನಂಗ್ ಕೊಡ್ತೀಯೇನೇ?”

“ತಗೊಂಡೋಗು. ಹಾಳಾಗೋಗ್ಲಿ, ನಂಗೇನು.”

ಪರೀಕ್ಷೆಯಲ್ಲಿ ನಾನು ಫಸ್ಟ್ ಕ್ಲಾಸು, ಅವಳು ಫೇಲು. ಮೇಲೆ ಮೇಲೆ ಅಯ್ಯೋ ಪಾಪ ಎಂದೆ. ಒಳಗೆ ಹೋಳಿಗೆ ತಿಂದಷ್ಟು ಸಂತೋಷವಾಗಿತ್ತು.

ಆಮೇಲೆ ಅವಳು ಮನೆಯಲ್ಲಿ ಜಗಳವಾಡಿ ಬೆಂಗಳೂರಿನ ಚಿತ್ರಕಲಾ ಶಾಲೆಗೆ ಹೋದಳು. ನಾನು ಕೋರ್ಸು ಮುಗಿಸಿ ಕೆಲಸ ಹಿಡಿದೆ. ತೊಂಬತ್ತರ ದಶಕದ ನಡುವಿನಲ್ಲಿ ಒಂದು ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿಕೊಂಡು ಪೇಪರು ತೆರೆದರೆ ಅರ್ಧ ಪುಟ ಅವಳೇ. ಅವಳ ಶೈಲಿಯ ಬಗ್ಗೆ, ಪ್ರಭಾವಗಳ ಬಗ್ಗೆ ಉದ್ದನೆಯ ಲೇಖನ. ಪ್ರಭಾವ ಅಬ್ಬಾನ ಮನೆಯ ಕುದಿಯುವ ಬಾನಿಗಳದಂತೆ, ಮುರುಗಮಲ್ಲದ ದರ್ಗಾದಲ್ಲಿ ಹರಕೆಗೆ ಕಟ್ಟಿದ ದಾರಗಳದಂತೆ. ಮುರುಗಮಲ್ಲಕ್ಕೆ ಅವಳ ಜೊತೆ ಬಸ್ಸಿನಲ್ಲಿ ನಿಂತುಕೊಂಡು ಹೋದವಳು ನಾನು. ಅದೇ ದಾರ ನನ್ನ ಕಣ್ಣಿಗೂ ಬಿದ್ದಿತ್ತು. ನಾನು ಬಳೆ ಅಂಗಡಿ ನೋಡುತ್ತಿದ್ದೆ. ನಾನು ಕೊಟ್ಟ ಹುಳದ ಹಾಳೆಯ ಸುದ್ದಿ ಮಾತ್ರ ಲೇಖನದಲ್ಲೆಲ್ಲೂ ಇರಲಿಲ್ಲ.

ಅವಳ ಎಲ್ಲ ಚಿತ್ರಗಳ ನಡುವೆ ದುಂಡನೆಯದೊಂದು ಆಕಾರ ಮತ್ತೆ ಮತ್ತೆ ಬರುತ್ತದೆ, ಅದು ಗರ್ಭವಿರಬಹುದು, ಚಂದ್ರನಿರಬಹುದು ಎಂದು ಲೇಖಕರು ಪೇಚಾಡಿದ್ದರು. ಪೇಪರಿನ ಫೋಟೋದಲ್ಲಿ ಮಸಿ ಬಿಟ್ಟರೆ ಏನೂ ಕಾಣಲಿಲ್ಲ. ಆ ಹೊತ್ತು ಊಟ ಸೇರಲಿಲ್ಲ.

ಮುಂದಿನ ವರ್ಷ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಅವಳ ಚಿತ್ರಗಳನ್ನಿಟ್ಟರು, ಅವಳೂ ಬರುತ್ತಾಳೆಂದು ತಿಳಿಯಿತು. ರಜೆ ಹಾಕಿ ಹೋದೆ. ಎಲ್ಲರೆದುರಿಗೆ ಎದ್ದು ನಿಂತು, “ಆ ಹುಳದ ಹಾಳೆ ಕೊಟ್ಟಿದ್ದು ಯಾರು ಅಂತ ಹೇಳಮ್ಮ” ಎಂದು ಕೇಳುವುದೇ ನನ್ನ ಉದ್ದೇಶ. ಆ ಮಾತನ್ನು ಬಸ್ಸಿನಲ್ಲಿ ಹತ್ತು ಸಲ ಬಾಯಿಪಾಠ ಮಾಡಿದ್ದೆ.

ನಾನು ಕೇಳುವ ಮೊದಲೇ ಅವಳು ಹೇಳಿಬಿಟ್ಟಳು.

“ನನ್ನ ಮೊದಲನೇ ಗುರು ಅಲ್ಲಿ ಕೂತಿದಾಳೆ ನೋಡಿ. ಪರೀಕ್ಷೆ ಗಡಿಬಿಡೀಲಿ ಒಂದು ಬಿಳೀ ಹಾಳೆ ಮೇಲೆ ಹುಳ ಮರೆತು ಹೋಗಿದ್ಲು. ಅವಳು ಮರೀದೆ ಇದ್ದಿದ್ರೆ ನಾನು ಇವತ್ತು ಅಬ್ಬಾ ಜೊತೆ ನೂಲು ತೆಗೀತಿದ್ದೆ.”

ಹಾಲಿನ ತುಂಬ ನಗು, ಚಪ್ಪಾಳೆ. ನಾನೂ ಹಲ್ಲು ಬಿಟ್ಟೆ. ಇಷ್ಟು ವರ್ಷ ಕಾದ ಹೊಗಳಿಕೆ ಸಿಕ್ಕಿತ್ತು, ಆದರೆ ಸಿಕ್ಕಿದ್ದು ನನ್ನ ಮರೆವಿಗೆ. ಚಿತ್ರ ಬರೆದ ಕೈಗಲ್ಲ. ಕಿತ್ತುಕೊಂಡಿದ್ದರೆ ಬೈಯಬಹುದಿತ್ತು, ಹೊಗಳಿದವಳನ್ನು ಏನೆಂದು ಬೈಯಲಿ?

ಜನ ಕಾಫಿಗೆ ಎದ್ದ ಮೇಲೆ ಚಿತ್ರಗಳ ಮುಂದೆ ಹೋಗಿ ನಿಂತೆ. ತುಕ್ಕು ಹಿಡಿದ ತಗಡು, ಅದರ ಮೇಲೆ ರೇಷ್ಮೆಯ ಪದರ, ಪದರದ ಅಡಿಯಲ್ಲಿ ಕಪ್ಪಗೆ ದುಂಡನೆಯದು. ಪಕ್ಕದ್ದರಲ್ಲೂ ಅದೇ, ಅದರ ಪಕ್ಕದ್ದರಲ್ಲೂ. ಪ್ರತಿಯೊಂದೂ ಎಡಕ್ಕೆ ವಾಲಿತ್ತು. ಪ್ರತಿಯೊಂದರ ಮೇಲಂಚು ಒಂದು ಕಡೆ ಒಡೆದಿತ್ತು. ನನ್ನ ಮಡಕೆ! ಗೋಡೆಯುದ್ದಕ್ಕೂ ನನ್ನ ಮಡಕೆ.

ಕೊನೆಯಲ್ಲಿ, ಗಾಜಿನ ಹಿಂದೆ, ಆ ಹಳೆಯ ಹಾಳೆಯೇ ಇತ್ತು. ಅವಳು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದಳು.

“ಇದರ ಅಡೀಲಿ ಏನೋ ನೆರಳು ಐತೆ ನೋಡು. ಇಷ್ಟು ವರ್ಷದಿಂದ ಅದನ್ನೇ ಬರೀತಿದೀನಿ, ಏನು ಅಂತ ಗೊತ್ತೇ ಆಗಲ್ಲ. ಗೊತ್ತಾಗಿಬಿಟ್ರೆ ಸಾಕು, ಬಿಟ್ಟು ಬೇರೆ ಏನಾದ್ರೂ ಬರೀತೀನಿ. ನಿಂಗೇನಾದ್ರೂ ಗೊತ್ತೇನೇ?”

ಬಾಯಿ ತೆರೆದೆ. ಹೇಳಿದ್ದರೆ ಅವಳು ಎಲ್ಲರನ್ನೂ ಕರೆದು ಕೂಗಿ ಹೇಳುತ್ತಿದ್ದಳು, ಪೇಪರಿನಲ್ಲೂ ಬರುತ್ತಿತ್ತು. ಅವಳು ಅಂಥವಳೇ. ಆಮೇಲೆ ಮಡಕೆಯನ್ನು ಬಿಟ್ಟುಬಿಡುತ್ತಿದ್ದಳು.

“ಹುಳದ ಉಚ್ಚೆ ಕಣೇ,” ಎಂದೆ. “ಅದು ಬರೀ ಬಿಳೀ ಹಾಳೆ.”

ಅವಳು ನಿಟ್ಟುಸಿರು ಬಿಟ್ಟು ನಕ್ಕಳು. ಈಗಲೂ ಅವಳು ಅದನ್ನೇ ಬರೆಯುತ್ತಾಳೆ.