ಸೂರಿಲ್ಲದ ಏಳು ದಿನ

ಮೊನ್ನೆ ನಮ್ಮ ಬೀದಿಯ ತುದಿಯಲ್ಲಿ ತರಕಾರಿ ಗಾಡಿಯವರು ಮಳೆಗೆ ನೆನೆದ ತಾರ್ಪಾಲನ್ನು ಕಾಂಪೌಂಡಿನ ಮೇಲೆ ಬಿಸಿಲಿಗೆ ಹರವಿದ್ದರು. ಪಕ್ಕದಲ್ಲಿ ಹಾದುಹೋಗುವಾಗ ಆ ವಾಸನೆ ಮೂಗಿಗೆ ಬಡಿಯಿತು. ಮೇಣ, ಹಳೆಯ ಹತ್ತಿ, ಒಂದಿಷ್ಟು ಹೊಗೆ, ಒಣಗುತ್ತಿರುವ ಮಣ್ಣು. ಕೊತ್ತಂಬರಿ ಸೊಪ್ಪಿಗೆ ಹೋದವಳು ಸೊಪ್ಪು ಮರೆತು ಅಲ್ಲೇ ನಿಂತೆ. ಈಗ ಎಲ್ಲರೂ ಹೊದಿಸುವ ನೀಲಿ ಪ್ಲಾಸ್ಟಿಕ್ ಹಾಳೆಗೆ ಈ ವಾಸನೆ ಬರುವುದಿಲ್ಲ. ಇದು ದಪ್ಪ ನೂಲಿನ ಹಳೆಯ ತಾರ್ಪಾಲಿನ ವಾಸನೆ. ನನಗೆ ಎಂಟು ವರ್ಷವಾಗಿದ್ದಾಗ ಅಂಥದ್ದೊಂದು ತಾರ್ಪಾಲು ಒಂದು ರಾತ್ರಿ ನಮ್ಮ ಮನೆಯಾಗಿತ್ತು. ಆಮೇಲೆ ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ನಾವು ಬರೀ ಆಕಾಶದ ಕೆಳಗೆ ಮಲಗಿದೆವು. ನಿಮ್ಮ ಮನೆಯಲ್ಲೂ ಇಂಥದ್ದೊಂದು ವಾಸನೆ ಇದ್ದಿರಬೇಕು. ಅದರ ಹಿಂದೆ ಹೋದರೆ ತೀರಿಹೋದವರೆಲ್ಲ ಕೆಲಸ ಮಾಡಿಕೊಂಡು ಓಡಾಡುತ್ತಿರುತ್ತಾರೆ.

ನಮ್ಮದು ಸೇಲಂನ ನೇಕಾರರ ಬೀದಿಯಲ್ಲಿದ್ದ ಮನೆ. ನಡುಮನೆಯಲ್ಲೇ ಗುಂಡಿ ಮಗ್ಗ. ಬೆಳಗಾದರೆ ಗಂಜಿ ಹಾಕಿದ ನೂಲಿನ ಹುಳಿ ವಾಸನೆ, ಲಾಳಿಯ ಟಕಟಕ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಬರೆಯಲು ನಾನು ಕಲಿತದ್ದು ಮದುವೆಯಾಗಿ ಈ ಕಡೆಗೆ ಬಂದ ಮೇಲೆ. ಎಲ್ಲಾದರೂ ಮುಗ್ಗರಿಸಿದರೆ ನೀವು ಹೊಟ್ಟೆಗೆ ಹಾಕಿಕೊಳ್ಳಬೇಕು. ಮನೆಯಲ್ಲಿ ಅಪ್ಪ, ಅಮ್ಮ, ಮದುವೆಯಾಗದ ಚಿಕ್ಕಪ್ಪ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ ಸೆಂದಿಲ್ ಮತ್ತು ಅಪ್ಪನ ತಾಯಿ. ಅವಳು ನಮಗೆಲ್ಲ ಅವ್ವ. ಅವ್ವನಿಗೂ ಅಮ್ಮನಿಗೂ ಅಷ್ಟಕ್ಕಷ್ಟೆ. ಅಮ್ಮ ಉಪ್ಪು ಹಾಕಿದ ಸಾರಿಗೆ ಅವ್ವ ಮತ್ತೆ ಉಪ್ಪು ಹಾಕುತ್ತಿದ್ದಳು. ಅವ್ವ ಗುಡಿಸಿದ ಜಾಗವನ್ನು ಅಮ್ಮ ಮತ್ತೆ ಗುಡಿಸುತ್ತಿದ್ದಳು. ಜಗಳ ಮಾತಿಗೆ ಬರುತ್ತಿರಲಿಲ್ಲ, ಪೊರಕೆಯಲ್ಲೇ ಮುಗಿಯುತ್ತಿತ್ತು.

ಆ ವರ್ಷ ಸೆಂದಿಲನಿಗೆ ಮೆದುಳು ಜ್ವರ ಬಂದು, ಆಸ್ಪತ್ರೆಯಲ್ಲಿ ಹನ್ನೊಂದು ದಿನ ಕಣ್ಣು ಬಿಡದೆ ಮಲಗಿ, ಹನ್ನೆರಡನೆಯ ದಿನ ಎದ್ದು ನೀರು ಕೇಳಿದ. ಅವನು ಕಣ್ಣು ಮುಚ್ಚಿದ್ದಾಗ ಅವ್ವ ಹರಕೆ ಹೊತ್ತಿದ್ದಳು, ಮನೆದೇವರು ಚೌಡಮ್ಮನಿಗೆ ತನ್ನ ಕೈಯಲ್ಲೇ ನೇಯ್ದ ಸೀರೆ. ಕಾರಿಮಂಗಲದಿಂದಾಚೆ ಒಂದು ಕಲ್ಲುಗುಡ್ಡದ ನೆತ್ತಿಯಲ್ಲಿ ನಮ್ಮ ಚೌಡಮ್ಮ ಇದ್ದಾಳೆ. ಅವಳಿಗೆ ಗುಡಿಯಿಲ್ಲ, ಬಿಸಿಲು ಮಳೆಗೆ ಮೈಯೊಡ್ಡಿಕೊಂಡೇ ನಿಂತವಳು. ಅದಕ್ಕೇ ನಮ್ಮ ಬಳಗದಲ್ಲಿ ಒಂದು ಕಟ್ಟಳೆ. ಹರಕೆ ಹೊತ್ತವಳು ಕೈಗೆ ಅರಿಶಿನದ ದಾರ ಕಟ್ಟಿಕೊಂಡು ದಿನಕ್ಕೆ ನಾಲ್ಕೇ ಬೆರಳು ನೇಯಬೇಕು. ಈ ದಾರಕ್ಕೆ ಕಾಪು ಎನ್ನುತ್ತೇವೆ. ಅಷ್ಟು ದಿನವೂ ಮಗ್ಗ ಬಿಟ್ಟು ಇನ್ನೊಬ್ಬರ ಮನೆಗೆ ಹೋಗುವಂತಿಲ್ಲ. ಮಗ್ಗದಿಂದ ಸೀರೆ ಕೊಯ್ದು ಹೊಸ್ತಿಲು ದಾಟಿದ ಮೇಲೆ ದೇವಿಯ ಮೈಗೇರುವವರೆಗೆ ಆ ಸೀರೆಗೂ ಕಾಪು ಕಟ್ಟಿದವಳಿಗೂ ಯಾರ ಸೂರೂ ಕೂಡದು. ದೇವಿಗಿಲ್ಲದ ಸೂರು ನಮಗೇಕೆ ಎಂಬುದು ಅದರ ಅರ್ಥ. ದಾರಿಯಲ್ಲಿ ಬಳಗದ ಏಳು ಮನೆಯವರು ಊರಾಚೆಗೆ ಬಂದು ಸೀರೆಯ ಗಂಟಿಗೆ ಅರಿಶಿನ ಸೋಕಿಸಬೇಕು. ಹೀಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ ನಮಗೆ ಏಳು ದಿನದ್ದಾಯಿತು.

ಕಾಲುವರ್ಷದ ಪರೀಕ್ಷೆಯ ರಜೆಯಲ್ಲಿ ಹೊರಟೆವು. ಚಿಕ್ಕಪ್ಪ ಗೆಳೆಯನೊಬ್ಬನಿಂದ ಹಳೆಯ ವ್ಯಾನು ತಂದಿದ್ದ. ಹೊರಡುವ ಮೊದಲೇ ವಾದ ಶುರುವಾಯಿತು, ವ್ಯಾನಿನ ಮೇಲಿರುವುದು ಸೂರಲ್ಲವೇ ಎಂದು. ಹೊಸ್ತಿಲಿಲ್ಲದ್ದು ಮನೆಯಲ್ಲ, ಮನೆಯಲ್ಲದ್ದಕ್ಕೆ ಸೂರಿಲ್ಲ ಎಂದು ಅಪ್ಪ ತೀರ್ಪು ಕೊಟ್ಟ. ತಾರ್ಪಾಲು? ಅದು ನೂಲು, ನೂಲಿನ ಮೇಲೆ ನೂಲು ಹೊದಿಸಿದರೆ ದೋಷವಿಲ್ಲ. ನೇಕಾರರ ಧರ್ಮಶಾಸ್ತ್ರ ಇಷ್ಟೇ, ಅವರಿಗೆ ಅನುಕೂಲವಾದ ಕಡೆಗೆಲ್ಲ ದಾರ ಎಳೆದುಕೊಳ್ಳುತ್ತದೆ.

ಮೊದಲ ಬೀಡು ತಾರಮಂಗಲಂನ ಕೆರೆಯಂಚಿನ ಹುಣಸೆ ಮರದ ಕೆಳಗೆ. ಮರಕ್ಕೂ ವ್ಯಾನಿಗೂ ತಾರ್ಪಾಲು ಕಟ್ಟಿ, ಸೀರೆಯ ಗಂಟನ್ನು ಬುಟ್ಟಿಯಲ್ಲಿಟ್ಟು ಕೊಂಬೆಗೆ ತೂಗಿಬಿಟ್ಟು, ಅದರ ಕೆಳಗೆ ಅವ್ವ ಕೂತಳು. ಅಮ್ಮ ಮೂರು ಕಲ್ಲು ಹೂಡಿ ರಾಗಿ ಹಿಟ್ಟು ತಿರುವಿದಳು. ಗಾಳಿಗೆ ಮರಳು ಬಿದ್ದು ಹಲ್ಲಿನಲ್ಲಿ ಕರಕರ. ಅವ್ವ ಸಾರಿಗೆ ಮತ್ತೆ ಉಪ್ಪು ಹಾಕಲು ಕೈ ಚಾಚಿ, ಉಪ್ಪಿನ ಡಬ್ಬಿ ಎಲ್ಲಿದೆಯೆಂದು ತಿಳಿಯದೆ ಹಾಗೇ ಉಂಡಳು. ಅಮ್ಮ ಡಬ್ಬಿಯನ್ನು ಬೇಕೆಂದೇ ಬಚ್ಚಿಟ್ಟಿದ್ದಳೆಂದು ನನಗೆ ಈಗಲೂ ಅನುಮಾನ. ಮರುದಿನ ಬೆಳಗ್ಗೆ ಪಕ್ಕದ ತೋಟದ ಮೋಟಾರಿನ ತೊಟ್ಟಿಯಲ್ಲಿ ನಾನೂ ಸೆಂದಿಲನೂ ತುಟಿ ನೀಲಿಯಾಗುವವರೆಗೆ ಬಿದ್ದುಕೊಂಡಿದ್ದೆವು. ತೋಟದವರು ಕಿತ್ತುಕೊಟ್ಟ ಹಸಿ ಕಡಲೆಕಾಯಿ ಬೇಯಿಸಿ ವ್ಯಾನಿನ ತುಂಬ ಸಿಪ್ಪೆ ಮಾಡಿದೆವು. ಅಷ್ಟು ಸುಖವಾಗಿ ನಾನು ಆಮೇಲೆ ಎಲ್ಲೂ ಇದ್ದದ್ದಿಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನನ್ನ ಮನೆಯವರು ಓದಿದರೂ ಪರವಾಗಿಲ್ಲ.

ಎರಡನೆಯ ಬೀಡು ನಂಗವಳ್ಳಿಯ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಮಗನ ಮನೆಯಲ್ಲಿದ್ದಳು. ಎರಡು ತಿಂಗಳ ಹಿಂದೆ, ಆಡಿ ತಿಂಗಳಲ್ಲಿ, ಅವಳಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ಸುದ್ದಿ ಬಂದಾಗ ಅವ್ವನ ಕೈಯಲ್ಲಿ ಕಾಪು ಇತ್ತು, ಸೇಲಂನಿಂದ ಒಂದು ಗಂಟೆಯ ದಾರಿಯಾದರೂ ಹೋಗುವಂತಿರಲಿಲ್ಲ. ಎರಡು ತಿಂಗಳೂ ಅವಳು ಆ ಮಾತೆತ್ತದೆ ದಿನಕ್ಕೆ ನಾಲ್ಕು ಬೆರಳು ನೇಯ್ದಳು. ತಾಯಿ ಸತ್ತ ಮೇಲೆ ಅವ್ವನನ್ನು ಸೊಂಟದ ಮೇಲಿಟ್ಟು ಸಾಕಿದವಳು ಈ ಅಕ್ಕನೇ ಎಂಬುದು ನಮಗೆಲ್ಲ ಗೊತ್ತಿತ್ತು.

ಮಧ್ಯಾಹ್ನ ಮನೆಯ ಮುಂದಿನ ಬೇವಿನ ಮರದ ಕೆಳಗೆ ವ್ಯಾನು ನಿಂತಿತು. ದೊಡ್ಡವ್ವನ ಮಗ, ನಮ್ಮ ದೊಡ್ಡಪ್ಪ, ಹೊರಗೆ ಬಂದು ಅರಿಶಿನದ ಬಟ್ಟಲು ಹಿಡಿದು ನಿಂತರು.

"ಎಲ್ಡು ದಿನದಿಂದ ಗಂಜಿನೂ ಇಳೀತಿಲ್ಲ ಚಿಕ್ಕವ್ವ. ನಿನ್ನೇ ಕೇಳ್ತಾ ಅವ್ಳೆ. ನೀ ಕಾರಿಮಂಗಲಕ್ಕೋಗಿ ಬರೋಗಂಟ ಇರ್ತಾಳೋ ಇಲ್ವೋ."

ಮಂಚವನ್ನೇ ಹೊರಗೆ ತರಬಾರದೇ ಎಂದು ಅಪ್ಪ ಕೇಳಿದ. "ಅಲ್ಲಾಡ್ಸಿದ್ರೆ ನೋವಿಗೆ ಕಿರುಚ್ತಾಳೆ. ಬಾಗ್ಲಲ್ಲಿ ಮಂಚ ತೂರೋದೂ ಇಲ್ಲ" ಎಂದರು ದೊಡ್ಡಪ್ಪ. ಅವ್ವ ಬುಟ್ಟಿಯನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋದಳು. ಸೂರಿನ ನೆರಳು ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ನಿಂತಳು. ಬಾಗಿಲಿನಿಂದ ಮಂಚ ಕಾಣುತ್ತಿರಲಿಲ್ಲ, ಒಂದು ಕ್ಷೀಣ ಕೆಮ್ಮು ಮಾತ್ರ ಕೇಳುತ್ತಿತ್ತು. ಅವ್ವ ತಿರುಗಿ ನೋಡಿದ್ದು ಅಪ್ಪನನ್ನಲ್ಲ, ಅಮ್ಮನನ್ನು. ಅಮ್ಮನ ಸೊಂಟದ ಮೇಲೆ ಸೆಂದಿಲ್ ಇದ್ದ. ಹರಕೆ ಅವನದು. ಕಾಪು ಬಿಚ್ಚಿದರೆ ಅಕ್ಕ ಸಿಗುತ್ತಾಳೆ, ಸೊಸೆಯ ಮಗನಿಗೆ ಏನಾಗುತ್ತದೋ ಯಾರಿಗೆ ಗೊತ್ತು. ಅಮ್ಮ ಮಗನ ಕಾಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾನು ಅವಳ ಸೆರಗು ಹಿಡಿದೆ.

ಅಮ್ಮ ಅಪ್ಪನ ಕಡೆ ತಿರುಗಿ, ಅತ್ತೆಯ ಎದುರು ಯಾವತ್ತೂ ಎತ್ತದ ದನಿಯಲ್ಲಿ ಹೇಳಿದಳು. "ಸೂರಿನಡಿ ಓಗ್ಬಾರ್ದು ಅಂತ ತಾನೆ ಐತೆ? ಸೂರೇ ಇಲ್ದಂಗೆ ಮಾಡಿ."

ಯಾರಿಗೂ ಕೂಡಲೇ ಅರ್ಥವಾಗಲಿಲ್ಲ. ಅಮ್ಮ ಮಾಡಿನ ಕಡೆ ಕೈ ತೋರಿಸಿದಳು. ನಾಡಹೆಂಚಿನ ಮಾಡು, ಒಂದೊಂದಾಗಿ ಎತ್ತಿದರೆ ಬರುವಂಥದ್ದು. ಚಿಕ್ಕಪ್ಪ ಆಗಲೇ ಪ್ಯಾಂಟು ಮಡಿಸತೊಡಗಿದ್ದ. ಆದರೆ ದೊಡ್ಡಪ್ಪ ಅಡ್ಡ ನಿಂತರು. "ಬ್ಯಾಡ. ಪ್ರಾಣ ಓಗ್ದೆ ಒದ್ದಾಡೋರಿಗೆ ತಲೆ ಮ್ಯಾಲಿನ ಎಂಚು ತೆಗೀತಾರೆ. ನಮ್ಮವ್ವನಿಗೆ ಇರೋ ಉಸ್ರೂ ಓಗ್ಬುಟ್ರೆ ನಾ ಏನ್ಮಾಡ್ಲಿ?" ಅವರ ಕಣ್ಣಲ್ಲಿ ನೀರು ತುಂಬಿತು. ಅವರು ಹೇಳಿದ್ದು ಸುಳ್ಳಲ್ಲ, ನಮ್ಮ ಕಡೆ ಅದೂ ಒಂದು ಪದ್ಧತಿ. ಆಗ ಒಳಗಿನಿಂದ, ಅರ್ಧ ಬಾಯಿಯ ತೊದಲು ದನಿ ಕೇಳಿಸಿತು.

"ತೆಗೀರಲಾ. ಪುಟ್ಟಿ ಬರ್ಲಿ."

ಪುಟ್ಟಿ ಎಂದರೆ ಅವ್ವ. ಅರವತ್ತು ದಾಟಿದ ಅವಳನ್ನು ಹಾಗೆ ಕರೆಯುವವರು ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು.

ಅಪ್ಪನೂ ಚಿಕ್ಕಪ್ಪನೂ ಮೇಲೆ ಹತ್ತಿದರು. ದೊಡ್ಡಪ್ಪ ಕಣ್ಣೊರೆಸಿಕೊಂಡು ಕೆಳಗೆ ನಿಂತು ಹೆಂಚು ಇಳಿಸಿಕೊಂಡರು. ನಾನು ಅವನ್ನು ಹೊರಜಗಲಿಯ ತಿಣ್ಣೆಯ ಪಕ್ಕ ಜೋಡಿಸಿದೆ. ಬಾಗಿಲ ಮೇಲಿನಿಂದ ಹಿಡಿದು ಮಂಚದವರೆಗೆ, ಎರಡು ಮೊಳ ಅಗಲಕ್ಕೆ ಹೆಂಚು ತೆಗೆಯುತ್ತ ಹೋದರು. ಎಷ್ಟೋ ವರ್ಷದ ಧೂಳು, ಇಲಿ ಕಡಿದ ಜೋಳದ ತೆನೆ, ಒಂದು ಓತಿಕ್ಯಾತ ಕೆಳಗೆ ಬಿದ್ದವು. ತೊಲೆಗಳು ಹಾಗೇ ಉಳಿದಾಗ ಅವ್ವ ಅನುಮಾನಿಸಿದಳು. ಚಿಕ್ಕಪ್ಪ ಮೇಲಿನಿಂದಲೇ ಹೇಳಿದ, "ತೊಲೆ ಅಂದ್ರೆ ಮರ ತಾನೆ ಅವ್ವ? ನೆನ್ನೆ ಮರದಡೀಲಿ ಮಲ್ಗಿಲ್ವಾ?" ಬೀದಿಯಲ್ಲಿ ಮಗ್ಗದ ಹಾಸುನೂಲು ಉದ್ದಕ್ಕೆ ಎಳೆದು ಕಟ್ಟಿದಂತೆ ಮನೆಯೊಳಗೆ ಒಂದು ನೇರ ಬಿಸಿಲಿನ ಪಟ್ಟಿ ಬಿದ್ದಿತು. ಅವ್ವ ಬುಟ್ಟಿ ಎತ್ತಿಕೊಂಡು ಆ ಬಿಸಿಲಿನ ಮೇಲೆ ಕಾಲಿಟ್ಟು, ಆಚೀಚೆ ನೆರಳು ತುಳಿಯದಂತೆ, ಹೆಜ್ಜೆ ಎಣಿಸಿದಂತೆ ನಡೆದು ಹೋದಳು.

ಅಕ್ಕತಂಗಿ ಅಳುತ್ತಾರೆಂದು ನಾವೆಲ್ಲ ಕಾದಿದ್ದೆವು. ಅವರು ಅಳಲಿಲ್ಲ. ದೊಡ್ಡವ್ವ ಗಂಟು ಬಿಚ್ಚಿಸಿ, ಸೀರೆಯ ಅಂಚನ್ನು ಆಡುವ ಕೈಯ ಹೆಬ್ಬೆರಳಲ್ಲಿ ತಡವಿ, "ಬಿಗಿ ಸಾಲ್ದು ಕಣೇ" ಎಂದಳು. "ನೀ ಎದ್ದು ಬಂದು ನೇಯಿ" ಎಂದಳು ಅವ್ವ. ಆಮೇಲೆ ಅವಳ ತಲೆ ಬಾಚಿ ಜಡೆ ಹಾಕಿದಳು. ಬೆರಳಲ್ಲಿ ಅದ್ದಿ ಅದ್ದಿ ಅರ್ಧ ಲೋಟ ಮಜ್ಜಿಗೆ ಕುಡಿಸಿದಳು. ಬಿಸಿಲಿನ ಪಟ್ಟಿ ಗೋಡೆ ಹತ್ತುವವರೆಗೆ ಅವರು ಮಾತಾಡಿದರು. ಎಂದೋ ಸತ್ತ ಎಮ್ಮೆಯ ಬಗ್ಗೆ, ಯಾರೋ ಕೊಡದೆ ಹೋದ ಬಳೆಯ ಬಗ್ಗೆ. ನಡುವೆ ದೊಡ್ಡವ್ವ ಮೇಲೆ ನೋಡಿ, "ಆಕಾಸ ನೋಡಿ ಎಲ್ಡು ತಿಂಗ್ಳಾಗಿತ್ತು" ಎಂದಳು. ಹೊರಡುವಾಗ ಅಪ್ಪ ಹೆಂಚು ಹಾಕಲು ಏಣಿ ಇಟ್ಟರೆ ಅವಳು ಬಿಡಲಿಲ್ಲ. ಪುಟ್ಟಿ ತಿರುಗಿ ಬರುವವರೆಗೆ ಹೀಗೇ ಇರಲಿ ಎಂದಳು. ಅಪ್ಪ ನಮ್ಮ ತಾರ್ಪಾಲನ್ನೇ ಬಿಚ್ಚಿ ತಂದು, ಬಿಸಿಲು ಮಳೆ ಬಂದರೆ ಹಗ್ಗ ಎಳೆದು ಮುಚ್ಚುವಂತೆ ತೊಲೆಗೆ ಕಟ್ಟಿದ.

ಮುಂದಿನ ದಿನಗಳೂ ಚೆನ್ನಾಗಿಯೇ ಇದ್ದವು. ಮೇಟೂರಿನ ಹೊಳೆದಂಡೆಯಲ್ಲಿ ಮೀನು ಸುಡುವವರ ಪಕ್ಕ ಬೀಡು ಬಿಟ್ಟು ಬರೀ ವಾಸನೆ ಕುಡಿದೆವು, ಹರಕೆಯವರು ಮೀನು ತಿನ್ನುವಂತಿರಲಿಲ್ಲ. ಪೆನ್ನಾಗರದ ದಾರಿಯಲ್ಲಿ ಸಂಜೆಯ ಮಳೆಗೆ ಸಿಕ್ಕಿ, ತಾರ್ಪಾಲಿಲ್ಲದೆ ಎಲ್ಲರೂ ವ್ಯಾನಿನೊಳಗೆ ಒಬ್ಬರ ಮೇಲೊಬ್ಬರು ಕೂತೆವು. ಅವ್ವ ಮಾತ್ರ ಮಳೆ ಬಿದ್ದಾಗಲೆಲ್ಲ, ಅಲ್ಲಿ ಹಗ್ಗ ಎಳೆದರೋ ಇಲ್ಲವೋ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮ ತಾನಾಗಿ ಉಪ್ಪಿನ ಡಬ್ಬಿಯನ್ನು ಅವಳ ಮುಂದಿಟ್ಟಳು. ಅವ್ವ ಸಾರಿನ ರುಚಿ ನೋಡಿ, ಸಾಕು ಎಂದು ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳು. ಏಳನೆಯ ದಿನ ಬೆಳಗ್ಗೆ ಕಲ್ಲುಗುಡ್ಡ ಹತ್ತಿ ಚೌಡಮ್ಮನಿಗೆ ಸೀರೆ ಉಡಿಸಿದೆವು. ಅಮ್ಮನೇ ತನ್ನ ಕೈಯಾರೆ ಅವ್ವನ ಕಾಪು ಬಿಚ್ಚಿದಳು.

ಅಂದೇ ಸಂಜೆಗೆ ನಂಗವಳ್ಳಿ ಮುಟ್ಟಿದೆವು. ವ್ಯಾನು ನಿಲ್ಲುವ ಮೊದಲೇ ಮಾಡು ಕಾಣಿಸಿತು. ಹೆಂಚು ಹಾಕಿತ್ತು. ತಿಣ್ಣೆಯ ಮೇಲೆ ನಮ್ಮ ತಾರ್ಪಾಲು ಅಚ್ಚುಕಟ್ಟಾಗಿ ಮಡಿಸಿಟ್ಟಿತ್ತು. ದೊಡ್ಡವ್ವ ಕಾದಿರಲಿಲ್ಲ. ಈಗ ಸೂರಿನಡಿ ಹೋಗಬಹುದಾದ ಅವ್ವ ಹೊಸ್ತಿಲಲ್ಲಿ ನಿಂತು ಒಳಗಿನ ಕತ್ತಲೆಯನ್ನು ನೋಡಿದಳು. ಆಮೇಲೆ ತಿಣ್ಣೆಗೆ ಬಂದು ತಾರ್ಪಾಲಿನ ಮೇಲೆ ಕೂತು ಮೊದಲ ಸಲ ಅತ್ತಳು. ಅಮ್ಮ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು.

ವರ್ಷಗಳು ಕಳೆದು ಸೇಲಂನ ಆ ಮಗ್ಗವೂ ಹೋಯಿತು. ಗುಂಡಿ ಮುಚ್ಚಿ ಮನೆಗೆ ಕಾಂಕ್ರೀಟಿನ ತಾರಸಿ ಹಾಕಿದೆವು. ಸೆಂದಿಲ್ ಗಟ್ಟಿಮುಟ್ಟಾಗಿದ್ದಾನೆ, ಮಕ್ಕಳ ಜೊತೆ ತಮಿಳೇ ಮಾತಾಡುತ್ತಾನೆ. ಆ ಏಳು ದಿನಗಳಲ್ಲಿ ಅವನಿಗೆ ನೆನಪಿರುವುದು ಬಿದ್ದ ಓತಿಕ್ಯಾತ ಮಾತ್ರ. ಅವ್ವ ಎಂಬತ್ತು ದಾಟಿ ಹಾಸಿಗೆ ಹಿಡಿದಾಗ ನಾನು ಹೋಗಿ ಹತ್ತು ದಿನ ಇದ್ದೆ. ಅವಳಿಗೆ ನಮ್ಮ ಗುರುತು ಬಂದು ಹೋಗಿ ಮಾಡುತ್ತಿತ್ತು. ಮಲಗಿದಲ್ಲಿಂದಲೇ ತಾರಸಿಯ ಬಿಳೀ ಸುಣ್ಣವನ್ನು ದಿಟ್ಟಿಸುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮ ಅವಳ ತಲೆ ಬಾಚುತ್ತಿದ್ದಾಗ, ಕಿಟಕಿಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅವ್ವ ನನ್ನ ಕೈ ಹಿಡಿದು ಗಾಬರಿಯಿಂದ ಕೇಳಿದಳು.

"ಎಂಚು ಆಕ್ಬುಟ್ರಾ ಮಗಾ?"

ಅಮ್ಮನ ಕೈಯಲ್ಲಿದ್ದ ಬಾಚಣಿಗೆ ನಿಂತಿತು. ನಾನು ತಲೆ ಎತ್ತಿ ಕಾಂಕ್ರೀಟನ್ನು ನೋಡಿದೆ.

"ಇಲ್ಲವ್ವ" ಎಂದೆ. "ಇನ್ನೂ ಆಕಿಲ್ಲ. ನೀ ಓಗಿ ಮಾತಾಡ್ಕೊಂಡು ಬಾ."