ಬೀಳುವ ವಿದ್ಯೆಗೊಂದು ಹೆಸರು

ಮೂರು ವಾರದ ಹಿಂದೆ ಈ ಅಂಕಣ ಒಬ್ಬ ಮನುಷ್ಯನ ಮಣಿಕಟ್ಟು ಉಳುಕಿಸಿತು. ಉತ್ಪ್ರೇಕ್ಷೆ ಎನ್ನಬೇಡಿ. (ಮಾಡುವುದುಂಟು, ಇವತ್ತಲ್ಲ.) ನನ್ನ ಬರಹ ಓದಿ ತಲೆ ಕೆಟ್ಟಿತೆಂದು ಪತ್ರ ಹಾಕಿದವರು ಬೇಕಾದಷ್ಟಿದ್ದಾರೆ. ಕೈ ಕೆಟ್ಟದ್ದು ಇದೇ ಮೊದಲು.

ಕೈ ನನ್ನ ಹೆಂಡತಿಯ ತಮ್ಮ ಬಸವಂತನದು.

ಬಸವಂತ ಗೋಕಾಕದ ಕಡೆಯ ಹುಡುಗ. ಗರಡಿಯ ಮಣ್ಣಿನಲ್ಲಿ ಬೆಳೆದವನು. ಊರಿನಲ್ಲಿ ಹನ್ನೊಂದು ಕುಸ್ತಿ ಹಿಡಿದು ಹನ್ನೊಂದನ್ನೂ ಗೆದ್ದು ಬಂದಿದ್ದಾನೆ. ಈಗ ಪುಣೆಯ ಒಂದು ಗೋದಾಮಿನಲ್ಲಿ ಕಾರಕೂನ. ಗಾಣಕ್ಕೆ ಕಟ್ಟಿದ ಹೋರಿಯ ಹಾಗೆ ದಿನವಿಡೀ ನಿಟ್ಟುಸಿರು ಬಿಡುತ್ತಾನೆ. ಅಷ್ಟರಲ್ಲಿ ಕ್ಯಾಂಪಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರ ಜಾಗ ಖಾಲಿಯಾಯಿತು. ಅಲ್ಲಿಯ ಹೆಡ್‌ಮಾಸ್ತರರು ಇಂಗ್ಲಿಷ್ ಪೇಪರಿನಲ್ಲಿ ಜುಜುತ್ಸು ಎಂಬ ಜಪಾನಿ ಕುಸ್ತಿಯ ಬಗ್ಗೆ ಓದಿ ಮರುಳಾದವರು. ಅದನ್ನು ಕಲಿಸಬಲ್ಲವನಿಗೇ ನೌಕರಿ ಎಂದರು. ನೌಕರಿ ಆದರೆ ಸಾಸವಡದ ಬಟ್ಟೆ ವ್ಯಾಪಾರಿಯೊಬ್ಬರು ಮಗಳನ್ನು ಕೊಡುತ್ತಾರೆ. ಆಗದಿದ್ದರೆ ಮತ್ತೆ ಗೋದಾಮು, ಮತ್ತೆ ನಿಟ್ಟುಸಿರು.

ಹೀಗಾಗಿ ನಾವಿಬ್ಬರೂ ಶುಕ್ರವಾರ ಪೇಠೆಯ ದಾಮಲೆ ಮಾಸ್ತರರ ಕ್ಲಾಸಿಗೆ ಸೇರಿದೆವು. ನಾನೇಕೆ? "ನೀವೂ ಹೋಗ್ರಿ, ಆ ಹೊಟ್ಟಿ ಒಂದೀಟು ಕರಗ್ತದ" ಎಂದು ಮನೆಯಲ್ಲಿ ಅಪ್ಪಣೆಯಾಯಿತು.

ದಾಮಲೆ ಮಾಸ್ತರರು ಹತ್ತಿ ಕಂಪನಿಯ ನೌಕರಿಯ ಮೇಲೆ ಜಪಾನಿನ ಕೋಬೆಗೆ ಹೋಗಿ ಐದು ವರ್ಷ ಇದ್ದು ಬಂದವರು. ಸಣ್ಣ ಮೈ, ಸಣ್ಣ ದನಿ. ಮಾತೆಲ್ಲ ಮರಾಠಿ, ಆಜ್ಞೆಯೆಲ್ಲ ಜಪಾನಿ. "ರೇ" ಎಂದರೆ ಬಗ್ಗಿ ನಮಸ್ಕರಿಸಬೇಕು. "ಹಾಜಿಮೆ" ಎಂದರೆ ಶುರು. "ಮಾತೆ" ಎಂದರೆ ಇದ್ದಲ್ಲೇ ನಿಲ್ಲಬೇಕು. (ಈ ಒಂದನ್ನು ನಮ್ಮ ಮುನಿಸಿಪಾಲಿಟಿ ಸಭೆಗೂ ಕಲಿಸಬಾರದೇ?) ಎಸೆಯುವವನು "ತೋರಿ". ಎಸೆಯಿಸಿಕೊಳ್ಳುವವನು "ಉಕೆ". ಎಣಿಕೆ ಇಚಿ, ನಿ, ಸಾನ್.

ಎಲ್ಲಕ್ಕಿಂತ ಮೊದಲ ಪಾಠ "ಉಕೇಮಿ". ಅಂದರೆ ಬೀಳುವುದು.

ಹೌದು, ಬೀಳುವುದು! ಹುಲ್ಲು ತುಂಬಿದ ಗಾದಿಯ ಮೇಲೆ ಗದ್ದವನ್ನು ಎದೆಗೊತ್ತಿ, ಬೆನ್ನು ದುಂಡಗೆ ಮಾಡಿ, ತೋಳಿನಿಂದ ನೆಲವನ್ನು ಫಟ್ಟೆಂದು ಬಡಿಯುತ್ತ ಬೀಳಬೇಕು. ಮೂರು ವಾರ ಬೇರೇನೂ ಇಲ್ಲ. ಈ ವಿದ್ಯೆಯಲ್ಲಿ ನನಗೆ ಹುಟ್ಟಿನಿಂದಲೇ ಪ್ರತಿಭೆ ಇದೆಯೆಂದು ನಲವತ್ತನೆಯ ವಯಸ್ಸಿನಲ್ಲಿ ಗೊತ್ತಾಯಿತು. ಮಾಸ್ತರರು ಉಳಿದವರಿಗೆ ನನ್ನನ್ನೇ ತೋರಿಸುತ್ತಿದ್ದರು. ನಾನು ಮೊದಲ ನಂಬರು ಬಂದದ್ದು ಜೀವಮಾನದಲ್ಲಿ ಅದೊಂದೇ ಪರೀಕ್ಷೆಯಲ್ಲಿ.

ಬಸವಂತನಿಗೆ ಮಾತ್ರ ಬರಲಿಲ್ಲ. ಎಸೆತವನ್ನೇನೋ ಒಂದೇ ದಿನಕ್ಕೆ ಕಲಿತ. "ಇದು ನಮ್ಮ ಧೋಬಿ ಪಛಾಡನ ಅಲ್ಲೇನ್ರಿ ಮಾಮಾ?" ಎಂದು ನಕ್ಕು, ಭಾರದ ಆಳುಗಳನ್ನು ಒಗೆಯುವ ಬಟ್ಟೆಯಂತೆ ಹೆಗಲ ಮೇಲಿಂದ ಎತ್ತಿ ಹಾಕಿದ. ಆದರೆ ಅವನನ್ನು ಎಸೆದರೆ ಗಾಳಿಯಲ್ಲೇ ಬೆಕ್ಕಿನಂತೆ ಹೊರಳಿ ಬೋರಲು ಬೀಳುತ್ತಿದ್ದ. ಬೆನ್ನು ಕೊಡುತ್ತಿರಲಿಲ್ಲ.

ನಿಮಗೆ ತಿಳಿಯದ್ದೇನಲ್ಲ. ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿತೆಂದರೆ ಮುಗಿಯಿತು. ಹಲಗೆಯ ಬಡಿತ ನಿಲ್ಲುತ್ತದೆ, ಗೆದ್ದವನಿಗೆ ಸುತ್ತುವ ಪಟಗ ಕೈತಪ್ಪುತ್ತದೆ, ಊರು ಮರುವರ್ಷದವರೆಗೂ ಆಡಿಕೊಳ್ಳುತ್ತದೆ. ಹತ್ತು ವರ್ಷ ಮೈಗೆ ಕಲಿಸಿದ್ದನ್ನು ಮೈ ಮೂರು ವಾರದಲ್ಲಿ ಮರೆಯುತ್ತದೆಯೇ?

"ಹೀಗೆ ಕೈ ಊರಿ ಬಿದ್ದರೆ ಒಂದಿಲ್ಲೊಂದು ದಿನ ಮುರಿಯುತ್ತದೆ" ಎಂದು ಮಾಸ್ತರರು ಅವನಿಗೆ ಮರಾಠಿಯಲ್ಲಿ ಹೇಳಿದರು.

ಆ ಸಂಜೆ ಮನೆಗೆ ಬರುವಾಗ ಬಸವಂತ ಬಾಯಿಬಿಟ್ಟ. "ಊರಾಗ ನಮ್ಮ ಉಸ್ತಾದರು ಇನ್ನಾ ಅದಾರ್ರಿ ಮಾಮಾ. ಪುಣಾದಾಗ ದಿನಾ ಅಂಗಾತ ಬೀಳಾಕತ್ತಾನ ಅಂತ ಗೊತ್ತಾದ್ರ, ಮಾರಿ ಹ್ಯಾಂಗ ತೋರಿಸ್ಲಿ?"

"ಗೋಕಾಕಕ್ಕೆ ಯಾರು ಹೇಳ್ತಾರೋ?" ಎಂದೆ. ಅದು ಅವನಿಗೆ ಧೈರ್ಯ ಕೊಟ್ಟಿತು. ಮರುದಿನ ಬೇರೆಯವರೆಲ್ಲ ಹೋದ ಮೇಲೆ ಒಮ್ಮೆ ಬಿದ್ದ. ಆಮೇಲೆ ಎರಡು ಸಲ. ಹೊರಳದೆ, ಸರಿಯಾಗಿ. ನನಗೆ ಕಣ್ಣಲ್ಲಿ ನೀರು ಬಂತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ? ಆದರೆ ಬುಧವಾರ ಸಂಪಾದಕರಿಗೆ ಬರಹ ಕಳಿಸಬೇಕಿತ್ತು, ವಿಷಯವಿರಲಿಲ್ಲ. "ಬೆನ್ನಿಗೆ ಮಣ್ಣು ಹತ್ತದ ಗಂಡು" ಎಂದು ತಲೆಬರಹ ಕೊಟ್ಟು ಭಾವಮೈದುನನ ಹನ್ನೊಂದು ಕುಸ್ತಿಗಳನ್ನು ವರ್ಣಿಸಿಬಿಟ್ಟೆ. ರವಿವಾರ ದಾಮಲೆ ಮಾಸ್ತರರ ಕ್ಲಾಸಿನಲ್ಲೇ ಹೆಡ್‌ಮಾಸ್ತರರ ಎದುರು ಅವನ ಪರೀಕ್ಷೆಯಿದೆ, ಪುಣೆಯ ಕನ್ನಡಿಗರೆಲ್ಲ ಬಂದು ಹುರಿದುಂಬಿಸಬೇಕು ಎಂದು ಕರೆಯನ್ನೂ ಕೊಟ್ಟೆ. ನೀವು ಓದಿದಿರಿ. ಓದಿ ಸುಮ್ಮನಿರಬಾರದಿತ್ತೇ? ಬಂದಿರಿ!

ಹಡಪಸರದಿಂದ ಟಾಂಗಾ ಮಾಡಿಕೊಂಡು ಬಂದವರಿದ್ದರು. ಗೋಡೆಯುದ್ದಕ್ಕೂ ರುಮಾಲುಗಳು, ಎಲೆಯಡಿಕೆಯ ಚಂಚಿಗಳು. ಹೆಡ್‌ಮಾಸ್ತರರು ಒಂದು ಮೂಲೆಯ ಕುರ್ಚಿಯಲ್ಲಿ. ನಮ್ಮ ಪೇಠೆಯ ಹಿರಿಯರಾದ ಚನಬಸಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು.

"ಅಲ್ರೀ, ಕುಸ್ತಿ ಪಟ್ಟುಗಳಿಗೆ ನಮ್ಮ ಹೆಸರು ಸಾಲದೇನು? ಈ ಉಕೆ, ತೋರಿ ಯಾತಕ್ಕ?"

ನಾನು ಈ ಪ್ರಶ್ನೆಯನ್ನು ಮೊದಲೇ ಮಾಸ್ತರರಿಗೆ ಕೇಳಿದ್ದೆ. ಎಸೆತಗಳಿಗೆಲ್ಲ ಮರಾಠಿ ಹೆಸರು ಸಿಕ್ಕವಂತೆ, ಉಕೇಮಿಗೆ ಮಾತ್ರ ಸಿಗಲಿಲ್ಲವಂತೆ. "ಹುಡುಕಿದಾಗಲೆಲ್ಲ ಸೋಲು ಎಂಬ ಶಬ್ದವೇ ಬಂತು. ಇದು ಸೋಲಲ್ಲ. ಅದಕ್ಕೇ ಜಪಾನಿಯನ್ನೇ ಇಟ್ಟುಕೊಂಡೆ" ಎಂದಿದ್ದರು. ಆ ಉತ್ತರವನ್ನು ನಾನು ಚನಬಸಪ್ಪನವರಿಗೆ ಹೇಳಲಿಲ್ಲ. ಸಭೆಯ ಗತ್ತಿನಲ್ಲಿದ್ದೆ, ಬರೇ ನಕ್ಕೆ.

ಪರೀಕ್ಷೆ ಶುರುವಾಯಿತು. ಮೊದಲು ಬಸವಂತ ತೋರಿ. ಮಾಸ್ತರರನ್ನು ಎತ್ತಿ ಎಸೆದ. ಅವರು ಹತ್ತಿಯ ಮೂಟೆಯಂತೆ ಬಿದ್ದು ಮುಗುಳ್ನಗುತ್ತ ಎದ್ದರು. "ಭಲೇ ಬಸವಂತಾ!" ಎಂದು ಮಾಡು ಹಾರಿಹೋಗುವಂತೆ ಕೂಗಿದಿರಿ. ಆಮೇಲೆ ಅವನು ಉಕೆ. ಮಾಸ್ತರರು ಅವನ ತೋಳು ಹಿಡಿದು ತಿರುಗಿದರು. ಅವನ ಕಾಲು ನೆಲ ಬಿಟ್ಟಿತು.

"ಬೆನ್ನ ಕೊಡಬ್ಯಾಡೋ!" ಎಂದು ಯಾರೋ ಚೀರಿದರು.

ಅವನು ಕೊಡಲಿಲ್ಲ. ಹೊರಳಿದ. ಮೈಭಾರವೆಲ್ಲ ಬಲಗೈಯ ಮೇಲೆ ಬಿತ್ತು.

ಆಗ ನೀವು ಮಾಡಿದ್ದೇನು ನೆನಪಿದೆಯೇ? ಚಪ್ಪಾಳೆ. ಅವನು ಮಣಿಕಟ್ಟು ಹಿಡಿದುಕೊಂಡು ಹಲ್ಲುಕಚ್ಚಿ ಕುಳಿತಿದ್ದಾನೆ, "ಬಿದ್ದರೂ ಬೆನ್ನ ಕೊಡಲಿಲ್ಲ ನೋಡ್ರಿ!" ಎಂದು ಕೈ ಕೆಂಪಾಗುವವರೆಗೆ ಚಪ್ಪಾಳೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಾವು ಇನ್ನೊಬ್ಬರನ್ನು ಹಂಗಿಸಲು ಬಳಸುತ್ತೇವೆ. ಆ ದಿನ ಅದು ನಮಗೇ ಸಂದಿತು.

ಹೆಡ್‌ಮಾಸ್ತರರು ಎದ್ದು ಹೊರಟರು. "ಇಂಥ ಮಾಸ್ತರರಿಂದ ನನ್ನ ಹುಡುಗರು ಕಲಿಯುವುದು ಹೀಗೆ ಕೈ ಊರಿ ಬೀಳುವುದನ್ನೇ ಅಲ್ಲವೇ?" ಎಂದರು. ದಾಮಲೆ ಮಾಸ್ತರರು ಬೇಡಿಕೊಂಡ ಮೇಲೆ, ಕೈ ವಾಸಿಯಾಗುವವರೆಗೆ ಜಾಗ ತುಂಬುವುದಿಲ್ಲ, ಇನ್ನೊಂದೇ ಸಲ ನೋಡುತ್ತೇನೆ ಎಂದು ಒಪ್ಪಿದರು.

ಮನೆಯಲ್ಲಿ ತಮ್ಮನ ಕೈಗೆ ಅರಿಸಿನದ ಪಟ್ಟು ಹಾಕುತ್ತ ಹೆಂಡತಿ ಒಂದೇ ಮಾತು ಆಡಿದಳು. "ಮಾಸ್ತರಂದೇನೂ ತಪ್ಪಿಲ್ರಿ. ನಿಮ್ಮ ಪೇಪರಿಂದು."

ಸರಿಯಾದ ಮಾತು. ಈ ಮೂರು ವಾರ ನಾನು ಅದನ್ನೇ ಯೋಚಿಸುತ್ತಿದ್ದೇನೆ. ನಮ್ಮ ಭಾಷೆಯಲ್ಲಿ ಕೆಡಹುವ ಪಟ್ಟುಗಳಿಗೆ ನೂರು ಹೆಸರಿವೆ. ಬೀಳುವವನಿಗೆ ಒಂದೂ ಇಲ್ಲ, ಬೈಗುಳ ಬಿಟ್ಟರೆ. ಮ್ಯಾಟ್ರಿಕ್ ಫೇಲಾದ ಹುಡುಗ ಮಹಡಿ ಇಳಿದು ಬರುವುದಿಲ್ಲ. ದಾವೆ ಸೋತ ವಕೀಲ ತಿಂಗಳುಗಟ್ಟಲೆ ಕಕ್ಷಿದಾರನ ಬೀದಿಯಲ್ಲಿ ಹಾಯುವುದಿಲ್ಲ. ನಾನೇ ನೋಡಿ, ಹೆಂಡತಿಯ ಮಾತು ಸರಿಯೆಂದು ಅವಳೆದುರು ಒಪ್ಪಿಲ್ಲ, ಇಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ಬೀಳುವುದನ್ನು ಯಾರೂ ಕಲಿಸದಿದ್ದರೆ ಎಲ್ಲರೂ ಕೈ ಮುರಿದುಕೊಳ್ಳುವವರೇ.

ಕಳೆದ ಮಂಗಳವಾರ ಬಸವಂತ ಕೈಗೆ ಸುತ್ತಿದ್ದ ಪಟ್ಟಿ ಬಿಚ್ಚಿ ಗಾದಿಗೆ ಇಳಿದ. ಇಚಿ, ನಿ, ಸಾನ್ ಎಂದು ತಾನೇ ಎಣಿಸುತ್ತ ಹತ್ತು ಸಲ ಬಿದ್ದ. ಅಂಗಾತ. ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದ.

"ಮಾಮಾ, ರವಿವಾರ ಮತ್ತ ಪರೀಕ್ಷಾ ಅದ. ಪೇಪರಿನಾಗ ಬರೀರಿ. ಹೋದ ಸಲ ಬಂದವ್ರೆಲ್ಲಾ ಬರ್ಲಿ."

"ಬ್ಯಾಡೋ ಮಾರಾಯ, ಒಂದು ಸಲ ಬರೆದದ್ದು ಸಾಕು."

"ಬರೀರಿ. ಅವರಿಲ್ಲದಾಗ ಬಿದ್ರ ನಾ ಏನ್ ಕಲತಂಗಾತು?"

ಅವನ ದನಿಯಲ್ಲಿ ಹೆದರಿಕೆಯಿರಲಿಲ್ಲ. ಅದಕ್ಕೇ ಬರೆದಿದ್ದೇನೆ. ರವಿವಾರ ಸಂಜೆ ಐದಕ್ಕೆ, ಅದೇ ಜಾಗ. ಬಸವಂತ ನಿಮ್ಮೆಲ್ಲರ ಕಣ್ಣೆದುರು ಬೆನ್ನ ಮೇಲೆ ಬೀಳುತ್ತಾನೆ. ಆಗಲೂ ಅಷ್ಟೇ ಜೋರಾಗಿ ಚಪ್ಪಾಳೆ ತಟ್ಟುವ ಕಸುವು ನಿಮ್ಮ ಕೈಯಲ್ಲಿದೆಯೇ?