ಆರ್ಡಿತಳ ಮನೆಗೊಂದು ವಾರಂಟಿ

ಆರ್ಡಿತ್ ರಪ್ ನಮ್ಮ ಶಾಲೆಯ ಅಡುಗೆಮನೆಯನ್ನು ಬಹುಕಾಲ ಆಳಿದವಳು. ಓಹಾಯೊದ ಈ ಸಣ್ಣ ಊರಿನಲ್ಲಿ ಓದಿದ ಯಾರನ್ನೇ ಕೇಳಿ, ಆಲೂಗೆಡ್ಡೆಯ ಮುದ್ದೆಯ ಮೇಲೆ ಕೋಳಿ ನೂಡಲ್ಸ್ ಸುರಿದು ಆಕೆ ಬಡಿಸುತ್ತಿದ್ದ ಗುರುವಾರದ ಊಟವನ್ನು ನೆನೆಯುತ್ತಾರೆ. ಬೆಳಿಗ್ಗೆ ಏನೂ ತಿನ್ನದೆ ಬಂದ ಮಗುವನ್ನು ಮುಖದಲ್ಲೇ ಗುರುತಿಸುತ್ತಿದ್ದಳು. ಕೇಳುವ ಮೊದಲೇ ಇನ್ನೊಂದು ಸೌಟು ತಟ್ಟೆಗೆ ಬೀಳುತ್ತಿತ್ತು. ಯಾವುದನ್ನೂ ಎರಡು ಸಲ ಯೋಚಿಸಿ ಮಾಡಿದ್ದನ್ನು ನಾನು ಕಂಡಿಲ್ಲ.

ಅಂಥವಳು ಹೋದ ಅಕ್ಟೋಬರಿನಲ್ಲಿ ನನ್ನ ಬಾಗಿಲು ತಟ್ಟಿ, "ಮೇಷ್ಟ್ರೇ, ಒಂದು ಗಳಿಗೆ ಬನ್ನಿ. ನನ್ನ ತಲೆ ಕೆಟ್ಟು ಕೂತಿದೆ" ಎಂದಳು.

ಮನೆಯ ವಾರಂಟಿ ಆಕೆಯ ತಲೆ ಕೆಡಿಸಿತ್ತು. ವರ್ಷಕ್ಕೆ ಇಷ್ಟೆಂದು ಕಟ್ಟಿದರೆ ಹೀಟರ್, ಬಿಸಿನೀರಿನ ಗೀಸರ್, ಒಲೆ, ಫ್ರಿಜ್ಜು, ಯಾವುದು ಕೆಟ್ಟರೂ ಕಂಪನಿಯೇ ರಿಪೇರಿಯವರನ್ನು ಕಳಿಸುತ್ತದೆ. ಕೇಳಲು ಸುಲಭ. ತೊಡಕು ಇದ್ದದ್ದು ಗಂಡ ಡೆಲ್ಬರ್ಟನಲ್ಲಿ. ಹಾಲಿನ ಲಾರಿ ಓಡಿಸಿ ನಿವೃತ್ತನಾದ ಅವನು ಆ ಮನೆಯಲ್ಲಿ ಹೊರಗಿನವರಿಗೆ ಒಂದು ಮೊಳೆಯನ್ನೂ ಹೊಡೆಯಗೊಟ್ಟವನಲ್ಲ. ಈಚೆಗೆ ಅವನ ಕೈ ನಡುಗುತ್ತಿತ್ತು. ಮನೆಯನ್ನೆಲ್ಲ ಬೆಚ್ಚಗಿಡುವ, ನೆಲಮಾಳಿಗೆಯ ಹಳೆಯ ಗ್ಯಾಸ್ ಹೀಟರಿನೊಳಗೆ ಪುಟ್ಟದೊಂದು ಉರಿ ಸದಾ ಇರಬೇಕು; ಆರಿದರೆ ಮಂಡಿಯೂರಿ, ಕಡ್ಡಿ ಗೀರಿ ಹಚ್ಚಬೇಕು. ಹಿಂದಿನ ಚಳಿಗಾಲದಲ್ಲಿ ಹಾಗೆ ಹಚ್ಚಲು ಹೋಗಿ ಮುಂಗೈ ಸುಟ್ಟುಕೊಂಡಿದ್ದ.

"ವಾರಂಟಿ ತಗೊಂಡ್ರೆ ಇವನು ಕೆಳಗೆ ಇಳಿಯೋದು ತಪ್ಪುತ್ತೆ" ಎಂದು ತನ್ನ ಅಡುಗೆಮನೆಯಲ್ಲಿ ಕಾಫಿ ಬಗ್ಗಿಸುತ್ತ ಆರ್ಡಿತ್ ಪಿಸುಗುಟ್ಟಿದಳು. "ಆದ್ರೆ ನಿನ್ನ ಕೈಲಿ ಇನ್ನಾಗಲ್ಲ ಅಂತ ಮುಖಕ್ಕೇ ಹೇಳಿದ ಹಾಗಾಗುತ್ತೆ. ತಗೊಳ್ಳದಿದ್ರೆ ಈ ಸಲ ಏನು ಸುಟ್ಕೋತಾನೋ. ನೀವೇ ಹೇಳಿ."

"ಮೊದಲು ಕಂಪನಿಯವರನ್ನೇ ಕೇಳೋಣ" ಎಂದೆ. ಆಕೆ ಫೋನ್ ಮಾಡಿ, ನನಗೂ ಕೇಳಲೆಂದು ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು. ಒಬ್ಬ ಹೆಂಗಸು ಬಹು ವಿನಯದಿಂದ ಮಾತಾಡಿದಳು.

"ಹೀಟರಿಗೆ ಇದುವರೆಗೆ ರಿಪೇರಿ ಮಾಡಿರೋದು ಯಾರು, ಮೇಡಂ?"

"ನನ್ನ ಗಂಡ."

"ಅವರಿಗೆ ಲೈಸೆನ್ಸ್ ಇದೆಯಾ?"

"ಲಾರಿ ಓಡಿಸೋಕೆ ಇತ್ತು."

ಆಗ ನಮ್ಮ ಕಾಲಬುಡದಲ್ಲಿ ಯಾರೋ ನಕ್ಕರು. ಬಿಸಿಗಾಳಿಯ ತಗಡಿನ ಕೊಳವೆಗಳು ನೆಲಮಾಳಿಗೆಯಿಂದ ಕೋಣೆಕೋಣೆಗೂ ಹೋಗಿ ನೆಲದ ಜಾಲರಿಗಳಲ್ಲಿ ಬಾಯಿ ತೆರೆಯುತ್ತವೆ. ಹೀಟರ್ ನಿಂತಿರುವಾಗ ಅವುಗಳಲ್ಲಿ ಮಾತು ಸಲೀಸಾಗಿ ಹರಿಯುತ್ತದೆ. ಅಷ್ಟು ವರ್ಷ ಆ ಮನೆಯಲ್ಲಿ ಬಾಳಿದವಳಿಗೆ ಆ ಹೊತ್ತಿನಲ್ಲಿ ಅದು ಮರೆತಿತ್ತು.

"ಗೀಸರಿಗೂ ನಾನೇ ಅಂತ ಹೇಳು" ಎಂದಿತು ನೆಲದ ಜಾಲರಿಯೊಳಗಿನ ದನಿ. "ಒಲೆಗೂ ನಾನೇ. ಫ್ರಿಜ್ಜು ಮಾತ್ರ ಮುಟ್ಟಿಲ್ಲ."

ಆರ್ಡಿತ್ ಸೌಟು ಕಳೆದುಕೊಂಡವಳಂತೆ ನನ್ನನ್ನು ನೋಡಿದಳು. "ಲೈಸೆನ್ಸ್ ಇಲ್ಲದವರು ಕೈಹಾಕಿದ್ದು ಕೆಟ್ಟರೆ ನಾವು ರಿಪೇರಿ ಮಾಡಿಸಿ ಕೊಡೋಕಾಗಲ್ಲ, ಮೇಡಂ" ಎಂದು ಹೆಂಗಸು ಹೇಳುತ್ತಿರುವಾಗಲೇ ಡೆಲ್ಬರ್ಟ್ ಮೆಟ್ಟಿಲು ಹತ್ತಿ ಬಂದ. ಮುಖದಲ್ಲಿ ನಗು ಇರಲಿಲ್ಲ.

"ಕೈ ಸುಟ್ಟಿದ್ದನ್ನ ಊರಿಗೆಲ್ಲ ಹೇಳ್ಕೊಂಡು ಬಂದ್ಯಾ?"

"ಮೇಷ್ಟ್ರಿಗೆ ಒಬ್ಬರಿಗೇ."

"ಮೇಷ್ಟ್ರಿಗೆ ಹೇಳಿದ್ಮೇಲೆ ಇನ್ಯಾರು ಉಳಿದ್ರು?" ಎಂದು ನನ್ನತ್ತ ತಿರುಗಿ, "ಕೂತ್ಕೊಳ್ಳಿ ಮೇಷ್ಟ್ರೇ, ನಿಮ್ಮನ್ನಲ್ಲ ನಾನು ಬೈದಿದ್ದು" ಎಂದ. ಆಮೇಲೆ ಫೋನಿನ ಕಡೆಗೆ ಗದ್ದ ತೋರಿಸಿದ. "ಉರಿ ಆರಿದ್ರೆ ಹಚ್ಚೋಕೆ ಬರ್ತಾರಾ? ಅದನ್ನ ಕೇಳು."

ಆಕೆ ಕೇಳಿದಳು.

"ಆರೋದು ಅಂದ್ರೆ ಕೆಟ್ಟ ಹಾಗಲ್ಲ, ಮೇಡಂ. ಅದನ್ನ ನೀವೇ ಹಚ್ಕೋಬೇಕು."

"ಯೋಚನೆ ಮಾಡಿ ಹೇಳ್ತೀನಿ" ಎಂದು ಆರ್ಡಿತ್ ಫೋನ್ ಇಟ್ಟಳು. ಯಾವ ಕೆಲಸಕ್ಕಾಗಿ ವಾರಂಟಿ ಬೇಕೆಂದಿದ್ದಳೋ ಅದೇ ವಾರಂಟಿಯಲ್ಲಿ ಇರಲಿಲ್ಲ.

"ಈ ಸಲ ಕಡ್ಡಿ ನಾನು ಹಿಡೀತೀನಿ" ಎಂದಳು ಆಕೆ.

"ನಿನಗೆ ಗೊತ್ತಾಗಲ್ಲ."

"ಗೊತ್ತಾಗದಿದ್ರೆ ಹೇಳ್ಕೊಡು. ನಾನೇನು ನಿನ್ನ ಹೀಟರನ್ನ ಕಿತ್ಕೊಂಡು ಹೋಗ್ತೀನಾ?"

ಡೆಲ್ಬರ್ಟ್ ತನ್ನ ಬಲಗೈಯನ್ನು ನೋಡಿಕೊಂಡ. ಅದನ್ನು ಕಿಸೆಗೆ ಸೇರಿಸಿದ. ಸಿಟ್ಟಾದನೋ ಒಪ್ಪಿದನೋ ನನಗೆ ತಿಳಿಯಲಿಲ್ಲ. ಆಕೆಗೂ ತಿಳಿದಂತೆ ಕಾಣಲಿಲ್ಲ.

"ಎಡಮಂಡಿ ಊರಿ ಕೂರಬೇಕು" ಎಂದ ಕೊನೆಗೆ. "ಮುಖ ಪಕ್ಕಕ್ಕೆ ಇಟ್ಕೋ. ನಾನು ಹೇಳೋವರೆಗೂ ಒತ್ತಿದ ಗ್ಯಾಸಿನ ಗುಂಡಿ ಬಿಡಕೂಡದು. ಬಿಟ್ಟೆಯೋ, ಮತ್ತೆ ಮೊದಲಿಂದ."

ಇಬ್ಬರೂ ಕೆಳಗಿಳಿದರು. ನಾನು ಕಾಫಿ ಮುಗಿಸಿ ಮನೆಗೆ ಬಂದೆ.

ಮೊದಲ ಹಿಮ ಬಿದ್ದ ಮೇಲೆ ಅಂಗಡಿಯಲ್ಲಿ ಸಿಕ್ಕಿದಾಗ ವಾರಂಟಿ ಏನಾಯಿತೆಂದು ಕೇಳಿದೆ.

"ಆ ಹೆಂಗಸು ಇನ್ನೂ ಫೋನ್ ಮಾಡ್ತಾಳೆ, ಮೇಷ್ಟ್ರೇ. ಬೇಕೋ ಬೇಡವೋ ನನಗಿನ್ನೂ ತಿಳಿದಿಲ್ಲ" ಎಂದಳು. "ನಿನ್ನೆ ಉರಿ ಆರಿತ್ತು. ಎರಡು ಕಡ್ಡಿ ಹಾಳು ಮಾಡಿದೆ, ಮೂರನೇದಕ್ಕೆ ಹತ್ಕೊಂಡ್ತು. ಇವನು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತು ಬೈದ ನೋಡಿ, ಮದುವೆಯಾದ ಮೇಲೆ ಅಷ್ಟು ಬೈಸ್ಕೊಂಡಿರಲಿಲ್ಲ ನಾನು. ರಾತ್ರಿ ಚೆನ್ನಾಗಿ ಊಟ ಮಾಡಿದ."